91 ಕಿಲೋಮೀಟರ್ ಸುರಂಗ: ಇನ್ನೂ ದೊಡ್ಡ ಕಣ ಘರ್ಷಕಕ್ಕೆ ವಿಜ್ಞಾನದ ಸಮರ್ಥನೆ ಏನು?

ತರಗತಿ ಟಿಪ್ಪಣಿ:

ನಾನು ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಜಿನೀವಾದ ಸರ್ನ್ ಪ್ರಯೋಗಾಲಯವು ತನ್ನ ಮುಂದಿನ ಯಂತ್ರವಾದ ಎಫ್‌ಸಿಸಿಯ (ಫ್ಯೂಚರ್ ಸರ್ಕ್ಯುಲರ್ ಕೊಲೈಡರ್) ಕಾರ್ಯಸಾಧ್ಯತಾ ವರದಿಯನ್ನು 2025ರ ಮಾರ್ಚ್ ಕೊನೆಯಲ್ಲಿ ಹೊರತಂದಿತು. ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ನೆಲದಡಿ ಸರಾಸರಿ 200 ಮೀಟರ್ ಆಳದಲ್ಲಿ 90.7 ಕಿಲೋಮೀಟರ್ ಸುತ್ತಳತೆಯ ಸುರಂಗ ಕೊರೆಯುವುದು, ಮೊದಲು ಅದರಲ್ಲಿ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳನ್ನು ಡಿಕ್ಕಿ ಹೊಡೆಸುವುದು, ಹಲವು ದಶಕಗಳ ನಂತರ ಅದೇ ಸುರಂಗದಲ್ಲಿ ಪ್ರೋಟಾನ್‌ಗಳನ್ನು ಓಡಿಸುವುದು ಯೋಜನೆಯ ಹೂರಣ. ಈ ವಿಷಯವನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ವಿದ್ಯಾರ್ಥಿನಿ, ‘ಹಿಗ್ಸ್ ಸಿಕ್ಕಿತಲ್ಲ ಮೇಡಂ, ಇನ್ನು ಏನು ಹುಡುಕುವುದಕ್ಕೆ?’ ಎಂದಳು. (ಹಿಗ್ಸ್ ಎಂದರೆ ಇತರ ಮೂಲಕಣಗಳಿಗೆ ದ್ರವ್ಯರಾಶಿ ಒದಗಿಸುತ್ತದೆ ಎನ್ನಲಾದ ಕಣ.) ಕಪ್ಪು ದ್ರವ್ಯ, ಪ್ರತಿದ್ರವ್ಯ ಎಂದು ನಾನು ಏನೋ ಹೇಳಿದೆ. ಹೇಳುವಾಗಲೇ ನನ್ನ ಉತ್ತರ ಟೊಳ್ಳು ಎನ್ನಿಸಿತು, ಏಕೆಂದರೆ ಆ ಯಂತ್ರದಲ್ಲಿ ಕಪ್ಪು ದ್ರವ್ಯದ ಕಣ ಸಿಕ್ಕೇ ಸಿಗುತ್ತದೆ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಹೊಸ ಕಣದ ಆಸೆ ತೋರಿಸದೆ, ಇರುವ ತಿಳಿವಳಿಕೆಯ ಮೇಲೆಯೇ ನಿಲ್ಲುವ ವಾದ ಯಾವುದಾದರೂ ಇದೆಯೇ ಎಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಲೆಕ್ಕಿಗ:

ಮೇಡಂ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ನನ್ನದೂ ಹೌದು. ನಾನು ವಿಜ್ಞಾನಿಯಲ್ಲ, ಆದರೆ ಈ ವಿಷಯವನ್ನು ವರ್ಷಗಳಿಂದ ಓದಿಕೊಂಡು ಬಂದಿದ್ದೇನೆ. ಮೊದಲ ಹಂತಕ್ಕೇ ಸುಮಾರು 15 ಶತಕೋಟಿ ಸ್ವಿಸ್ ಫ್ರಾಂಕ್ ಅಂದಾಜು. ರೂಪಾಯಿಯಲ್ಲಿ ಒಂದೂವರೆ ಲಕ್ಷ ಕೋಟಿಗಿಂತ ಹೆಚ್ಚು. ಸರ್ನ್‌ನ ಈಗಿನ ಘರ್ಷಕವಾದ ಎಲ್‌ಎಚ್‌ಸಿ ಶುರುವಾಗುವ ಮುಂಚೆ ಸೂಪರ್‌ಸಿಮೆಟ್ರಿ ಕಣಗಳು (ಗೊತ್ತಿರುವ ಪ್ರತಿ ಕಣಕ್ಕೂ ಇದೆಯೆಂದು ಊಹಿಸಿದ ಜೊತೆಗಾರ ಕಣಗಳು) ಇನ್ನೇನು ಬಾಗಿಲಲ್ಲೇ ನಿಂತಿವೆ ಎಂದು ಭೌತವಿಜ್ಞಾನಿಗಳೇ ಬರೆದರು, ಭಾಷಣ ಮಾಡಿದರು. 2012ರ ಜುಲೈ 4ರಂದು ಹಿಗ್ಸ್ ಘೋಷಣೆಯಾಯಿತು, ಸಂತೋಷ. ಆಮೇಲೆ? ಗ್ಲುಯಿನೋ ಎಂಬ ಅಂಥ ಒಂದು ಕಣವನ್ನು ಸುಮಾರು 2 ಟಿಇವಿವರೆಗೆ (ಟಿಇವಿ ಎಂದರೆ ಕಣಗಳ ಶಕ್ತಿ, ದ್ರವ್ಯರಾಶಿ ಅಳೆಯುವ ಮಾನ, ಅದರ ಸಾವಿರದಲ್ಲೊಂದು ಭಾಗ ಜಿಇವಿ) ಹುಡುಕಿ ಕೈಚೆಲ್ಲಿದ್ದಾಯಿತು. ಈಗ ಅದೇ ಜನ ಇನ್ನೂ ದೊಡ್ಡ ಬಾಗಿಲು ಕೊಡಿ ಎನ್ನುತ್ತಿದ್ದಾರೆ. ಜರ್ಮನಿಯ ಭೌತವಿಜ್ಞಾನಿ ಸಬೀನ್ ಹೊಸೆನ್‌ಫೆಲ್ಡರ್ ಈ ಆಕ್ಷೇಪವನ್ನು ಬಹಿರಂಗವಾಗಿಯೇ ಎತ್ತಿದ್ದಾರೆ.

ಅಮೆರಿಕದ ಕಥೆಯನ್ನೂ ನೆನೆಯಬೇಕು. ಟೆಕ್ಸಾಸ್‌ನಲ್ಲಿ 87 ಕಿಲೋಮೀಟರ್ ಸುತ್ತಳತೆಯ, 40 ಟಿಇವಿ ಶಕ್ತಿಯ ಸೂಪರ್‌ಕಂಡಕ್ಟಿಂಗ್ ಸೂಪರ್ ಕೊಲೈಡರ್ ಕಟ್ಟಲು ಹೊರಟು, ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಸುರಂಗ ಕೊರೆದು, ಸುಮಾರು 2 ಶತಕೋಟಿ ಡಾಲರ್ ಖರ್ಚಾದ ಮೇಲೆ 1993ರ ಅಕ್ಟೋಬರ್‌ನಲ್ಲಿ ಯೋಜನೆಯನ್ನು ಕೈಬಿಟ್ಟರು. ಅಷ್ಟರಲ್ಲಿ ಅಂದಾಜು ವೆಚ್ಚವು ಮೊದಲು ಹೇಳಿದ್ದಕ್ಕಿಂತ ಎರಡು ಪಟ್ಟಿಗೂ ಮೀರಿ ಬೆಳೆದಿತ್ತು.

ಕಿರುಬೆಳಕು:

ನಾನು ಕೆಲವು ವರ್ಷ ಘರ್ಷಕ ಪ್ರಯೋಗವೊಂದರ ದತ್ತಾಂಶ ವಿಶ್ಲೇಷಣೆಯಲ್ಲಿ ಕೆಲಸ ಮಾಡಿದ್ದೇನೆ. ಈಗ ಆ ಕ್ಷೇತ್ರದಲ್ಲಿಲ್ಲ. ಲೆಕ್ಕಿಗ ಅವರ ದೂರಿನಲ್ಲಿ ಅರ್ಧವನ್ನು ಒಪ್ಪಿಕೊಂಡೇ ಆರಂಭಿಸುತ್ತೇನೆ. ಸೂಪರ್‌ಸಿಮೆಟ್ರಿಯ ಬಗ್ಗೆ ಮಾತು ಕೊಟ್ಟವರು ಕೊಡಬಾರದ ಮಾತು ಕೊಟ್ಟರು. ಆದರೆ ಎಲ್‌ಎಚ್‌ಸಿ ಕಟ್ಟಲು ಇದ್ದ ಗಟ್ಟಿ ಕಾರಣ ಸೂಪರ್‌ಸಿಮೆಟ್ರಿ ಅಲ್ಲ. 1977ರಲ್ಲಿ ಬೆಂಜಮಿನ್ ಲೀ, ಕ್ರಿಸ್ ಕ್ವಿಗ್, ಹ್ಯಾರಿ ಥ್ಯಾಕರ್ ಮಾಡಿದ ಲೆಕ್ಕವೊಂದಿದೆ: ಹಿಗ್ಸ್‌ನಂಥದ್ದು ಇಲ್ಲದಿದ್ದರೆ, ದುರ್ಬಲ ಬಲವನ್ನು ಹೊರುವ ಡಬ್ಲ್ಯೂ ಕಣಗಳೆರಡು ಡಿಕ್ಕಿಯಾಗುವ ಸಂಭವನೀಯತೆಯು ಸುಮಾರು 1 ಟಿಇವಿ ಶಕ್ತಿಯಲ್ಲಿ ನೂರಕ್ಕೆ ನೂರನ್ನೂ ಮೀರಿಬಿಡುತ್ತದೆ. ಇದು ಅಸಂಬದ್ಧ. ಆದ್ದರಿಂದ ಆ ಶಕ್ತಿಯ ಆಸುಪಾಸಿನಲ್ಲಿ ಹಿಗ್ಸ್ ಸಿಗಬೇಕು, ಇಲ್ಲವೇ ಅದರ ಜಾಗದಲ್ಲಿ ಬೇರೆ ಏನಾದರೂ ಸಿಗಬೇಕು ಎಂಬುದು ಖಚಿತವಾಗಿತ್ತು. ಬರಿಗೈಯಲ್ಲಿ ಮರಳುವ ಪ್ರಶ್ನೆಯೇ ಇರಲಿಲ್ಲ.

ಅಂಥ ಖಾತರಿ ಮುಂದಿನ ಯಂತ್ರಕ್ಕೆ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ. 125 ಜಿಇವಿ ದ್ರವ್ಯರಾಶಿಯ ಹಿಗ್ಸ್ ಸಿಕ್ಕಿದ ಮೇಲೆ ಸ್ಟ್ಯಾಂಡರ್ಡ್ ಮಾಡೆಲ್‌ನ, ಅಂದರೆ ಮೂಲಕಣಗಳ ಈಗಿನ ಸಿದ್ಧಾಂತದ, ಲೆಕ್ಕ ಬಹಳ ಎತ್ತರದ ಶಕ್ತಿಯವರೆಗೂ ಮುರಿಯದೆ ಹೋಗಬಲ್ಲದು. ಹಾಗಾದರೆ ಸಮರ್ಥನೆ ಎಲ್ಲಿದೆ? ನನ್ನ ಮಟ್ಟಿಗೆ ಅದು ಹಿಗ್ಸ್‌ನಲ್ಲೇ ಇದೆ, ಹಿಗ್ಸ್ ‘ಸಿಕ್ಕಿತು’ ಎಂಬ ಮಾತನ್ನು ನಾವು ಎಷ್ಟು ಸಡಿಲವಾಗಿ ಆಡುತ್ತೇವೆ ಎಂಬುದರಲ್ಲಿ ಇದೆ. ನಮಗೆ ಗೊತ್ತಿರುವ ಮೂಲಕಣಗಳಲ್ಲಿ ಗಿರಕಿಯೇ (ಸ್ಪಿನ್) ಇಲ್ಲದ ಕಣ ಇದೊಂದೇ. ಕಣಗಳಿಗೆ ದ್ರವ್ಯರಾಶಿ ಒದಗಿಸುವ ಕೆಲಸವನ್ನು ಅದಕ್ಕೆ ವಹಿಸಿದ್ದೇವೆ. ಟಾಪ್, ಬಾಟಮ್, ಟೌ ಎಂಬ ಭಾರದ ಕಣಗಳ ಮಟ್ಟಿಗೆ ಅದು ಆ ಕೆಲಸ ಮಾಡುತ್ತಿದೆ ಎಂದು ಎಲ್‌ಎಚ್‌ಸಿ ತೋರಿಸಿತು. ಎಲೆಕ್ಟ್ರಾನಿನಂಥದ್ದೇ ಆದರೆ ಅದಕ್ಕಿಂತ ಭಾರದ ಮ್ಯೂಆನ್ ವಿಷಯದಲ್ಲಿ 2020ರಲ್ಲಿ ಮೊದಲ ಕುರುಹು ದೊರೆಯಿತು. ಆದರೆ ನಮ್ಮ ಮೈಯಲ್ಲಿರುವ ಕಣಗಳ ಕಥೆ ಬೇರೆ. ಎಲೆಕ್ಟ್ರಾನ್‌ನ ದ್ರವ್ಯರಾಶಿಯೇ ಪರಮಾಣುವಿನ ಗಾತ್ರವನ್ನು ನಿರ್ಧರಿಸುತ್ತದೆ, ಅದು ಹಿಗ್ಸ್‌ನಿಂದಲೇ ಬಂದದ್ದು ಎಂಬುದು ಮಾತ್ರ ಇಂದಿಗೂ ಪಠ್ಯಪುಸ್ತಕದ ನಂಬಿಕೆ, ಯಾರೂ ಅಳೆದಿಲ್ಲ.

ಅಳತೆ ಎಷ್ಟು ಸೂಕ್ಷ್ಮವಾಗಿರಬೇಕು ಎಂಬುದನ್ನೂ ಕಾಗದದ ಮೇಲೆಯೇ ಅಂದಾಜು ಮಾಡಬಹುದು. ಹಿಗ್ಸ್ ಕ್ಷೇತ್ರದ ಸಹಜ ಮೌಲ್ಯ 246 ಜಿಇವಿ. ಯಾವುದೋ ಹೊಸ ಭೌತಿಕ ವಿದ್ಯಮಾನವು 1 ಟಿಇವಿ ಶಕ್ತಿಯಲ್ಲಿ ಅಡಗಿದ್ದರೆ, ಅದು ಹಿಗ್ಸ್‌ನ ಬಂಧಬಲಗಳನ್ನು (ಅದು ಬೇರೆ ಕಣಗಳೊಡನೆ ವ್ಯವಹರಿಸುವ ಬಲಗಳನ್ನು) ಸರಿಸುಮಾರು ಈ ಎರಡರ ಅನುಪಾತದ ವರ್ಗದಷ್ಟು, ಅಂದರೆ ನೂರಕ್ಕೆ ಆರರಷ್ಟು, ಅಲುಗಿಸುತ್ತದೆ. 3 ಟಿಇವಿಯಲ್ಲಿ ಅಡಗಿದ್ದರೆ ಶೇಕಡಾ ಒಂದಕ್ಕಿಂತಲೂ ಕಡಿಮೆ. ಎಲ್‌ಎಚ್‌ಸಿಯ ಸುಧಾರಿತ ರೂಪವು 2040ರ ದಶಕದ ಆರಂಭದವರೆಗೆ ಓಡಿದರೂ, ಹೆಚ್ಚಿನ ಬಂಧಬಲಗಳಲ್ಲಿ ಅದು ಶೇಕಡಾ ಎರಡರಿಂದ ನಾಲ್ಕರ ನಿಖರತೆಗೆ ಬಂದು ನಿಲ್ಲುತ್ತದೆ. ನಾವು ಹುಡುಕುತ್ತಿರುವ ವ್ಯತ್ಯಾಸವೇ ಅಳತೆಯ ತಪ್ಪಿಗಿಂತ ಚಿಕ್ಕದಾದರೆ ಇಡೀ ಹುಡುಕಾಟಕ್ಕೆ ಅರ್ಥವಿರುವುದಿಲ್ಲ.

ಗಣಿಯೂರು:

ನಾನು ಕೆ.ಜಿ.ಎಫ್.ನವನು. ನಮ್ಮ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿದ್ದರು. 1965ರಲ್ಲಿ ಅದೇ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳೊಡನೆ ಸೇರಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು ಪತ್ತೆ ಮಾಡಿದರು. ಅಲ್ಲಿನ ಕೆಲಸಕ್ಕೆ 1950ರ ದಶಕದಲ್ಲೇ ಅಡಿಪಾಯ ಹಾಕಿದವರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಒಬ್ಬರು. ಮುಂದೆ ಅಲ್ಲೇ ಪ್ರೋಟಾನ್ ಕ್ಷಯಿಸುತ್ತದೆಯೇ ಎಂದು ನೋಡಲು 140 ಟನ್ ತೂಕದ ಉಪಕರಣ ಇಟ್ಟರು. ಇವಕ್ಕೆಲ್ಲ ಯಾವ ಘರ್ಷಕವೂ ಬೇಕಿರಲಿಲ್ಲ. ಆಕಾಶವೇ ಕಣಗಳನ್ನು ಪುಕ್ಕಟೆ ಸುರಿಸುತ್ತಿತ್ತು. ಸರ್ನ್ ಯಂತ್ರಕ್ಕಿಂತ ಸಾವಿರ ಪಟ್ಟು ಶಕ್ತಿಯ ವಿಶ್ವಕಿರಣಗಳು ಇರುವಾಗ ಅಷ್ಟು ಹಣ ಸುರಿದು ಸುರಂಗ ಕೊರೆಯುವುದೇಕೆ?

ಕಿರುಬೆಳಕು:

ಕೋಲಾರದ ಪ್ರಯೋಗಗಳ ಮೇಲೆ ನನಗೂ ನಿಮ್ಮಷ್ಟೇ ಅಭಿಮಾನವಿದೆ. ಅವು ಉತ್ತರಿಸಿದ ಪ್ರಶ್ನೆಗಳನ್ನು ಘರ್ಷಕ ಉತ್ತರಿಸಲಾರದು, ಇದು ನಿಜ. ಹಿಗ್ಸ್‌ನ ವಿಷಯದಲ್ಲಿ ಮಾತ್ರ ಆಕಾಶ ಕೈಕೊಡುತ್ತದೆ. ವಿಶ್ವಕಿರಣವು ನಿಂತಿರುವ ಕಣಕ್ಕೆ ಬಡಿಯುವುದರಿಂದ ಅದರ ಬಹುಪಾಲು ಶಕ್ತಿ ಅವಶೇಷಗಳನ್ನು ಮುಂದಕ್ಕೆ ತಳ್ಳುವುದರಲ್ಲೇ ವ್ಯಯವಾಗುತ್ತದೆ. ಎಲ್‌ಎಚ್‌ಸಿಯ 13.6 ಟಿಇವಿ ಮುಖಾಮುಖಿ ಡಿಕ್ಕಿಗೆ ಸಮನಾಗಬೇಕಾದರೆ ವಿಶ್ವಕಿರಣದ ಶಕ್ತಿ ಸುಮಾರು ಒಂದು ಲಕ್ಷ ಟಿಇವಿ ಇರಬೇಕು. ಅದಕ್ಕಿಂತ ಸಾವಿರ ಪಟ್ಟು ಶಕ್ತಿಯವು ಇವೆ, ಆದರೆ ಒಂದು ಚದರ ಕಿಲೋಮೀಟರಿಗೆ ಶತಮಾನಕ್ಕೊಂದು ಬೀಳುವಷ್ಟು ವಿರಳ. ಎಲ್‌ಎಚ್‌ಸಿಯಲ್ಲೇ ನೂರು ಕೋಟಿಗೂ ಹೆಚ್ಚು ಡಿಕ್ಕಿಗಳಾದರೆ ಒಂದು ಹಿಗ್ಸ್ ಹುಟ್ಟುತ್ತದೆ, ಹುಟ್ಟಿದ್ದು 10⁻²² ಸೆಕೆಂಡಿನ ಆಸುಪಾಸಿನಲ್ಲಿ ಒಡೆದೂ ಹೋಗುತ್ತದೆ. ಒಡೆದ ಜಾಗದ ಸುತ್ತಲೇ ಉಪಕರಣವಿರಬೇಕು, ಆಕಾಶ ಆ ಜಾಗವನ್ನು ಮುಂಚಿತವಾಗಿ ಹೇಳುವುದಿಲ್ಲ.

ಹಾದಿಹೋಕ:

ವರ್ಲ್ಡ್ ವೈಡ್ ವೆಬ್ ಹುಟ್ಟಿದ್ದೇ ಸರ್ನ್‌ನಲ್ಲಿ ಎಂಬುದನ್ನು ಯಾರೂ ಹೇಳಲಿಲ್ಲವಲ್ಲ! ಆ ಒಂದು ಲಾಭದಿಂದಲೇ ಖರ್ಚೆಲ್ಲ ತೀರಿತು.

ಕಿರುಬೆಳಕು:

ಹಾದಿಹೋಕ ಅವರೇ, ವೆಬ್ ಹುಟ್ಟಲು ಘರ್ಷಕದ ಸುತ್ತಳತೆ 27 ಕಿಲೋಮೀಟರ್ ಇರಬೇಕಾಗಿರಲಿಲ್ಲ. ಈ ವಾದವನ್ನು ಮುಂದಿಟ್ಟರೆ, ಹಾಗಾದರೆ ನೇರವಾಗಿ ಗಣಕ ತಂತ್ರಜ್ಞಾನಕ್ಕೇ ಹಣ ಕೊಡೋಣ ಎಂದು ಲೆಕ್ಕಿಗ ಅವರು ಹೇಳುತ್ತಾರೆ, ಮತ್ತು ಅವರು ಸರಿಯಾಗಿಯೇ ಹೇಳಿರುತ್ತಾರೆ. ಮೇಡಂ ಕೇಳಿದ್ದು ವಿಜ್ಞಾನದ ಸಮರ್ಥನೆಯನ್ನು.

ಲೆಕ್ಕಿಗ:

ನನ್ನ ಕೆಲಸ ಹಗುರ ಮಾಡಿದ್ದಕ್ಕೆ ವಂದನೆಗಳು. ಆದರೂ ಒಂದು ಮಾತು. ಶೇಕಡಾ ಎರಡನ್ನು ಶೇಕಡಾ ಅರ್ಧ ಮಾಡುವುದಕ್ಕೆ ಒಂದೂವರೆ ಲಕ್ಷ ಕೋಟಿ ಎಂದರೆ ಜನಸಾಮಾನ್ಯರು ಒಪ್ಪುವುದು ಕಷ್ಟ. ದಶಮಾಂಶದ ಸ್ಥಾನಗಳನ್ನು ಹೆಚ್ಚಿಸಿದ್ದರಿಂದ ನಿಜವಾಗಿ ಏನಾದರೂ ತಿಳಿದುಬಂದ ಉದಾಹರಣೆ ಇದೆಯೇ?

ಕಿರುಬೆಳಕು:

ಇದೆ, ಅದೂ ಅದೇ ಊರಿನಲ್ಲಿ. ಈಗ ಎಲ್‌ಎಚ್‌ಸಿ ಇರುವ ಸುರಂಗದಲ್ಲಿ 1989ರಿಂದ 2000ದವರೆಗೆ ಎಲ್‌ಇಪಿ ಎಂಬ ಎಲೆಕ್ಟ್ರಾನ್–ಪಾಸಿಟ್ರಾನ್ ಯಂತ್ರವಿತ್ತು. ಅದು ಒಂದೇ ಒಂದು ಹೊಸ ಮೂಲಕಣವನ್ನೂ ಕಂಡುಹಿಡಿಯಲಿಲ್ಲ. ಮಾಡಿದ್ದು ಅಳತೆ ಮಾತ್ರ: ಡಬ್ಲ್ಯೂನಂತೆಯೇ ದುರ್ಬಲ ಬಲವನ್ನು ಹೊರುವ ಝಡ್ ಕಣಗಳನ್ನು ಸುಮಾರು 1.7 ಕೋಟಿಯಷ್ಟು ತಯಾರಿಸಿ, ಅವು ಒಡೆಯುವ ರೀತಿಯನ್ನು ಸಾವಿರದಲ್ಲೊಂದು ಭಾಗದ ನಿಖರತೆಯಲ್ಲಿ ಅಳೆಯಿತು. ಪ್ರಕೃತಿಯಲ್ಲಿ ಹಗುರ ನ್ಯೂಟ್ರಿನೋಗಳು ಮೂರೇ ಬಗೆ, ನಾಲ್ಕನೆಯದಿಲ್ಲ ಎಂಬುದು ನಮಗೆ ತಿಳಿದದ್ದು ಹೀಗೆ. ಟಾಪ್ ಕ್ವಾರ್ಕನ್ನು ಕಣ್ಣಾರೆ ಕಾಣುವ ಶಕ್ತಿ ಆ ಯಂತ್ರಕ್ಕೆ ಇರಲಿಲ್ಲ. ಆದರೂ ಝಡ್‌ನ ಗುಣಗಳಲ್ಲಿ ಟಾಪ್‌ನ ನೆರಳು ಬಿದ್ದಿತ್ತು, ಆ ನೆರಳಿನಿಂದಲೇ ಅದರ ದ್ರವ್ಯರಾಶಿ ಸುಮಾರು ಎಷ್ಟಿರಬೇಕೆಂದು ಲೆಕ್ಕ ಹಾಕಿದ್ದರು. 1995ರಲ್ಲಿ ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ ಟಾಪ್ ಸಿಕ್ಕಾಗ ಅದು ಆ ಲೆಕ್ಕದ ವ್ಯಾಪ್ತಿಯೊಳಗೇ ಇತ್ತು. ಎಫ್‌ಸಿಸಿಯ ಮೊದಲ ಹಂತವು ತಯಾರಿಸಲು ಯೋಜಿಸಿರುವ ಝಡ್ ಕಣಗಳು ಸುಮಾರು ಆರು ಲಕ್ಷ ಕೋಟಿ. ಎಲ್‌ಇಪಿ ವರ್ಷಗಟ್ಟಲೆ ಕೂಡಿಸಿದ್ದನ್ನು ಇದು ಕೆಲವೇ ನಿಮಿಷಗಳಲ್ಲಿ ಕೂಡಿಸುತ್ತದೆ.

ಇದರಲ್ಲಿ ನನಗೆ ಬಹಳ ಮೆಚ್ಚುಗೆಯಾದ ಉಪಾಯವೊಂದನ್ನು ಹೇಳಲೇಬೇಕು. ಪ್ರೋಟಾನ್ ಎಂದರೆ ಕ್ವಾರ್ಕ್, ಗ್ಲುಆನ್‌ಗಳ ಗಂಟು. ಎರಡು ಗಂಟುಗಳು ಬಡಿದಾಗ ಒಳಗಿನ ಯಾವ ಎರಡು ಚೂರುಗಳು ಎಷ್ಟು ಶಕ್ತಿಯಲ್ಲಿ ತಾಗಿದವು ಎಂಬುದು ಡಿಕ್ಕಿಯಿಂದ ಡಿಕ್ಕಿಗೆ ಬದಲಾಗುತ್ತದೆ. ಎಲೆಕ್ಟ್ರಾನ್‌ಗೆ ಒಳಗೇನೂ ಇಲ್ಲ, ಆದ್ದರಿಂದ ಒಳಹೋದ ಶಕ್ತಿ ನಿಖರವಾಗಿ ಗೊತ್ತು. 240 ಜಿಇವಿಯಲ್ಲಿ ಎಲೆಕ್ಟ್ರಾನ್–ಪಾಸಿಟ್ರಾನ್ ಡಿಕ್ಕಿಯಾದಾಗ ಕೆಲವೊಮ್ಮೆ ಒಂದು ಝಡ್ ಮತ್ತು ಒಂದು ಹಿಗ್ಸ್ ಜೊತೆಯಾಗಿ ಹೊರಬರುತ್ತವೆ. ಆಗ ಝಡ್ ಒಂದನ್ನೇ ಅಳೆದರೆ ಸಾಕು. ಒಟ್ಟು ತೂಕ ಗೊತ್ತಿದ್ದು ಒಂದು ಮೂಟೆಯನ್ನು ತೂಗಿದರೆ ಇನ್ನೊಂದನ್ನು ಬಿಚ್ಚದೆಯೇ ಅದರ ತೂಕ ಹೇಳಬಹುದಲ್ಲವೇ, ಹಾಗೆ. ಹಿಗ್ಸ್ ಯಾವ ರೂಪದಲ್ಲಿ ಒಡೆಯಿತು ಎಂದು ನೋಡುವ ಅಗತ್ಯವೇ ಇಲ್ಲ. ಅದು ಕಾಣದ ಕಣಗಳಾಗಿ, ಬಹುಶಃ ಕಪ್ಪು ದ್ರವ್ಯವಾಗಿ, ಒಡೆದು ಮಾಯವಾಗಿದ್ದರೂ ಲೆಕ್ಕಕ್ಕೆ ಸಿಗುತ್ತದೆ. ಎಲ್‌ಎಚ್‌ಸಿಯ ಇಂದಿನ ಮಿತಿಯ ಪ್ರಕಾರ ಹಿಗ್ಸ್‌ಗಳಲ್ಲಿ ಸುಮಾರು ಹತ್ತರಲ್ಲೊಂದು ಭಾಗ ಹೀಗೆ ಕಣ್ಮರೆಯಾಗುತ್ತಿದ್ದರೂ ಅದು ನಮ್ಮ ಗಮನಕ್ಕೆ ಬಂದಿರುವುದಿಲ್ಲ. ಹತ್ತರಲ್ಲೊಂದು ಎಂಬುದು ಸಣ್ಣ ಸಂದೇಹವಲ್ಲ.

ಕಬ್ಬಿಣದ ಕಡಲೆ:

ನಾನು ಅತಿವಾಹಕ ಅಯಸ್ಕಾಂತಗಳ ಕೆಲಸದಲ್ಲಿರುವ ಇಂಜಿನಿಯರ್. ಸುರಂಗ ಇಷ್ಟು ಉದ್ದ ಏಕೆ ಎಂಬುದನ್ನು ಸ್ವಲ್ಪ ಹೇಳುತ್ತೇನೆ, ಏಕೆಂದರೆ ಎರಡು ಹಂತಗಳಿಗೂ ಉದ್ದ ಬೇಕಾಗಿರುವುದು ಬೇರೆ ಬೇರೆ ಕಾರಣಕ್ಕೆ. ತಿರುವಿನಲ್ಲಿ ಓಡುವ ಎಲೆಕ್ಟ್ರಾನ್ ಬೆಳಕನ್ನು ಚೆಲ್ಲುತ್ತ ಶಕ್ತಿ ಕಳೆದುಕೊಳ್ಳುತ್ತದೆ, ಮತ್ತು ಈ ನಷ್ಟವು ಶಕ್ತಿಯ ನಾಲ್ಕನೇ ಘಾತದಲ್ಲಿ ಏರುತ್ತದೆ. ಎಲ್‌ಇಪಿಯ ಕೊನೆಯ ವರ್ಷದಲ್ಲಿ ಪ್ರತಿ ಎಲೆಕ್ಟ್ರಾನ್ ಒಂದು ಸುತ್ತಿಗೆ ತನ್ನ ಶಕ್ತಿಯ ಸುಮಾರು ಶೇಕಡಾ ಮೂರನ್ನು ಕಳೆದುಕೊಳ್ಳುತ್ತಿತ್ತು. ಸೆಕೆಂಡಿಗೆ ಹನ್ನೊಂದು ಸಾವಿರ ಸುತ್ತು ಎಂದರೆ ಊಹಿಸಿಕೊಳ್ಳಿ. ತಿರುವು ನೇರವಾದಷ್ಟೂ ನಷ್ಟ ಕಡಿಮೆ. ಪ್ರೋಟಾನ್‌ಗೆ ಈ ಕಾಟ ಬಹಳ ಕಡಿಮೆ, ಅದನ್ನು ಬಗ್ಗಿಸುವುದೇ ಕಷ್ಟ. ಅಲ್ಲಿ ಶಕ್ತಿಯ ಮಿತಿ ಎಂದರೆ ಕಾಂತಕ್ಷೇತ್ರ ಮತ್ತು ತಿರುವಿನ ತ್ರಿಜ್ಯಗಳ ಗುಣಲಬ್ಧ, ಅಷ್ಟೇ. ಎಲ್‌ಎಚ್‌ಸಿಯಲ್ಲಿ 1232 ಮುಖ್ಯ ಅಯಸ್ಕಾಂತಗಳು 1.9 ಕೆಲ್ವಿನ್ ತಂಪಿನಲ್ಲಿ 8.3 ಟೆಸ್ಲಾಕ್ಕೆ ತಯಾರಾದವು. 91 ಕಿಲೋಮೀಟರಿನಲ್ಲಿ 85 ಟಿಇವಿಗೆ ಹೋಗಬೇಕಾದರೆ ಸುಮಾರು 14 ಟೆಸ್ಲಾ ಬೇಕು. ಅದಕ್ಕೆ ನಯೋಬಿಯಂ–ತವರದ ತಂತಿ ಬೇಕು, ಅದು ಪಿಂಗಾಣಿಯಂತೆ ಪೆಡಸು. ಪ್ರಯೋಗಶಾಲೆಯಲ್ಲಿ ಒಂದೊಂದು ಮಾದರಿ ಮಾಡಿದ್ದಾಗಿದೆ. ಆದರೆ ಸಾವಿರಾರು ಅಯಸ್ಕಾಂತಗಳನ್ನು ಕಾರ್ಖಾನೆಯಲ್ಲಿ ಒಂದೇ ಗುಣಮಟ್ಟದಲ್ಲಿ ಮಾಡುವುದು ಬೇರೆಯೇ ಮಾತು. ಇಂದು ಅದು ನಮ್ಮ ಕೈಯಲ್ಲಿಲ್ಲ.

ಮ್ಯೂಆನ್‌ಗಳನ್ನೇ ಡಿಕ್ಕಿ ಹೊಡೆಸುವ ದಾರಿಯೂ ಇದೆ. ಅದು ಎಲೆಕ್ಟ್ರಾನಿನ 207 ಪಟ್ಟು ಭಾರವಾದ್ದರಿಂದ ಬೆಳಕು ಚೆಲ್ಲುವುದು ತೀರಾ ಕಡಿಮೆ; 10 ಟಿಇವಿ ಡಿಕ್ಕಿಯ ವರ್ತುಲ ಸುಮಾರು 10 ಕಿಲೋಮೀಟರಿನಲ್ಲಿ ಮುಗಿಯಬಹುದು. ತೊಂದರೆ ಎಂದರೆ ಮ್ಯೂಆನಿನ ಆಯಸ್ಸು 2.2 ಮೈಕ್ರೋಸೆಕೆಂಡ್. ಅಷ್ಟರೊಳಗೆ ಹಿಡಿದು, ಒತ್ತಾಗಿಸಿ, ವೇಗ ಕೊಡಬೇಕು. ಒತ್ತಾಗಿಸುವ ವಿಧಾನ ಕೆಲಸ ಮಾಡುತ್ತದೆ ಎಂದು ಬ್ರಿಟನ್ನಿನ ಮೈಸ್ ಪ್ರಯೋಗ 2020ರಲ್ಲಿ ತೋರಿಸಿದೆ, ಅಮೆರಿಕದಲ್ಲಿ ಕಣಭೌತಶಾಸ್ತ್ರದ ಆದ್ಯತೆಗಳನ್ನು ಸೂಚಿಸುವ ಪಿ5 ಸಮಿತಿಯೂ 2023ರಲ್ಲಿ ಈ ಸಂಶೋಧನೆಯನ್ನು ಬೆಂಬಲಿಸಿದೆ. ನನಗೆ ವೈಯಕ್ತಿಕವಾಗಿ ಈ ದಾರಿಯ ಮೇಲೆ ಆಸೆ ಹೆಚ್ಚು.

ತರಗತಿ ಟಿಪ್ಪಣಿ:

ಎಲ್ಲರಿಗೂ ಕೃತಜ್ಞತೆಗಳು. ಎಲೆಕ್ಟ್ರಾನ್ ಯಂತ್ರವೇ ಇಷ್ಟೆಲ್ಲ ಅಳೆಯುವುದಾದರೆ 85 ಟಿಇವಿಯ ಪ್ರೋಟಾನ್ ಯಂತ್ರದ ವೈಜ್ಞಾನಿಕ ಅಗತ್ಯ ಎಲ್ಲಿದೆ? ನನಗೆ ಈಗ ಉಳಿದಿರುವ ಪ್ರಶ್ನೆ ಇದೊಂದೇ.

ಕಿರುಬೆಳಕು:

ಮೇಡಂ, ಹಿಗ್ಸ್ ತನ್ನೊಡನೆ ತಾನೇ ವ್ಯವಹರಿಸುವ ಬಲ, ಅಂದರೆ ಸ್ವಬಂಧಬಲ, ಎಂಬುದೊಂದಿದೆ. ಹಿಗ್ಸ್ ಕ್ಷೇತ್ರದ ವಿಭವವನ್ನು ಕಣಿವೆಯಂತೆ ಚಿತ್ರಿಸುತ್ತೇವೆ. ನಾವು ಅಳೆದಿರುವುದು ಕಣಿವೆಯ ತಳದಲ್ಲಿ ನಾವು ನಿಂತ ಜಾಗವನ್ನು ಮತ್ತು ಕಾಲಡಿಯ ಬಾಗನ್ನು ಮಾತ್ರ. ಆಚೆಯ ಏರಿನ ಆಕಾರವನ್ನು ಪುಸ್ತಕದಲ್ಲಿ ಬರೆದಿದ್ದೇವೆ, ನೋಡಿಲ್ಲ. ಆ ಆಕಾರ ಗೊತ್ತಾದರೆ ವಿಶ್ವ ಹುಟ್ಟಿದ ಮೊದಲ ಕ್ಷಣಗಳಲ್ಲಿ ಹಿಗ್ಸ್ ಕ್ಷೇತ್ರ ಹೇಗೆ ನೆಲೆಗೊಂಡಿತು ಎಂಬುದು ತಿಳಿಯುತ್ತದೆ. ನೀರು ಕುದಿಯುವಾಗ ಗುಳ್ಳೆ ಏಳುವಂತೆ ಥಟ್ಟನೆ ಆಯಿತೇ, ಅಥವಾ ಬೆಲ್ಲದ ಪಾಕ ಆರುತ್ತ ಗಟ್ಟಿಯಾಗುವಂತೆ ಸದ್ದಿಲ್ಲದೆ ಆಯಿತೇ? 125 ಜಿಇವಿ ಹಿಗ್ಸ್ ಇರುವ ಸ್ಟ್ಯಾಂಡರ್ಡ್ ಮಾಡೆಲ್ ಪ್ರಕಾರ ಅದು ಪಾಕದ ಬಗೆಯದು. ಹಾಗೆ ಆಗಿದ್ದರೆ ಆ ಹೊತ್ತಿನಲ್ಲಿ ದ್ರವ್ಯವು ಪ್ರತಿದ್ರವ್ಯಕ್ಕಿಂತ ಹೆಚ್ಚಾಗಿ ಉಳಿಯಲು ಅವಕಾಶವೇ ಇರಲಿಲ್ಲ. ನಾವು ಇರುವುದಕ್ಕೆ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಗುಳ್ಳೆಯ ಬಗೆಯದಾಗಿದ್ದರೆ ಹಿಗ್ಸ್‌ನ ಸ್ವಬಂಧಬಲವು ಪುಸ್ತಕದ ಮೌಲ್ಯಕ್ಕಿಂತ ಸಾಮಾನ್ಯವಾಗಿ ಶೇಕಡಾ ಹತ್ತಾರರಷ್ಟು ಬೇರೆಯಾಗಿರಬೇಕು.

ಇದನ್ನು ಅಳೆಯಲು ಒಂದೇ ಡಿಕ್ಕಿಯಲ್ಲಿ ಎರಡು ಹಿಗ್ಸ್ ಹುಟ್ಟಬೇಕು. ಎಲ್‌ಎಚ್‌ಸಿಯಲ್ಲಿ ಇದು ಒಂಟಿ ಹಿಗ್ಸ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ವಿರಳ. ಸುಧಾರಿತ ರೂಪದ ಕೊನೆಯಲ್ಲಿ ಸುಮಾರು ಶೇಕಡಾ 30ರ ನಿಖರತೆ ಸಿಗಬಹುದು. ಅದು ಅನುಮಾನ ಹುಟ್ಟಿಸಲು ಸಾಕು, ತೀರ್ಪು ಕೊಡಲು ಸಾಲದು. 85ರಿಂದ 100 ಟಿಇವಿಯಲ್ಲಿ ಇಂಥ ಜೋಡಿಗಳು ಹತ್ತಾರು ಪಟ್ಟು ಹೆಚ್ಚುತ್ತವೆ, ನಿಖರತೆ ಶೇಕಡಾ ಐದರ ಆಸುಪಾಸಿಗೆ ಇಳಿಯುತ್ತದೆ ಎಂದು ಲೆಕ್ಕ. ಇಲ್ಲಿ ‘ಇಲ್ಲ’ ಎಂಬ ಉತ್ತರಕ್ಕೂ ಬೆಲೆಯಿದೆ, ಏಕೆಂದರೆ ಅದು ವಿವರಣೆಗಳ ಒಂದು ದೊಡ್ಡ ಗುಂಪನ್ನೇ ತಳ್ಳಿಹಾಕುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಯೋಜನೆಯ ಅತ್ಯಂತ ಬಲವಾದ ವಾದ ಇದು. ಸುದ್ದಿಗಳಲ್ಲಿ ಅತ್ಯಂತ ಕಡಿಮೆ ಕೇಳಿಬರುವುದೂ ಇದೇ, ಬಹುಶಃ ಇದರಲ್ಲಿ ಹೊಸ ಕಣದ ಹೆಸರಿಲ್ಲದ್ದರಿಂದ.

ಗಣಿಯೂರು:

ಒಂದು ಚಿಕ್ಕ ಪ್ರಶ್ನೆ. ಇದರಲ್ಲಿ ನಮ್ಮ ದೇಶದ ಪಾತ್ರವೇನಾದರೂ ಇದೆಯೇ, ಅಥವಾ ದೂರದಿಂದ ನೋಡುವುದಷ್ಟೇ?

ಕಬ್ಬಿಣದ ಕಡಲೆ:

ಇದೆ. ಎಲ್‌ಎಚ್‌ಸಿಯ ಭಾರಿ ಅಯಸ್ಕಾಂತಗಳನ್ನು ಕೂದಲೆಳೆಯಷ್ಟು ನಿಖರವಾಗಿ ಕೂರಿಸುವ ಸಾವಿರಾರು ಜ್ಯಾಕ್‌ಗಳು ಇಂದೋರ್‌ನ ರಾಜಾ ರಾಮಣ್ಣ ಕೇಂದ್ರದ ಮೂಲಕ ಹೋದವು. ಆ ಕೇಂದ್ರಕ್ಕೆ ಹೆಸರು ಕೊಟ್ಟ ರಾಮಣ್ಣನವರು ನಮ್ಮ ತುಮಕೂರಿನವರು. ಭಾರತ 2017ರಿಂದ ಸರ್ನ್‌ನ ಸಹಸದಸ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ರೋಹಿಣಿ ಗೋಡಬೋಲೆಯವರು, 2024ರಲ್ಲಿ ತೀರಿಕೊಂಡರು, ಮುಂದಿನ ತಲೆಮಾರಿನ ಎಲೆಕ್ಟ್ರಾನ್ ಘರ್ಷಕಗಳ ಭೌತಶಾಸ್ತ್ರದಲ್ಲಿ ದಶಕಗಳ ಕಾಲ ದುಡಿದವರು.

ಲೆಕ್ಕಿಗ:

ಕಿರುಬೆಳಕು ಅವರ ವಾದವನ್ನು ಎರಡು ಸಲ ಓದಿದೆ. ಮೊದಲ ಹಂತದ ಮಟ್ಟಿಗೆ ನನ್ನ ಆಕ್ಷೇಪ ಈಗ ವಿಜ್ಞಾನದ ಮೇಲಲ್ಲ, ಹಣದ ಮೇಲೆ ಮಾತ್ರ. ಅದನ್ನು ಹಣ ಕೊಡುವ ಯುರೋಪಿನ ದೇಶಗಳು ತೀರ್ಮಾನಿಸಲಿ, 2028ರ ಸುಮಾರಿಗೆ ತೀರ್ಮಾನವಾಗಬಹುದು ಎನ್ನುತ್ತಾರೆ. ಎರಡನೆಯ ಹಂತದಲ್ಲಿ ನಾನು ಜಗ್ಗುವುದಿಲ್ಲ. ಸ್ವಬಂಧಬಲದ ಪ್ರಶ್ನೆ ದೊಡ್ಡದು ಎಂದು ಒಪ್ಪಿದೆ, ಆದರೆ ಅಯಸ್ಕಾಂತವನ್ನು ಮಾಡಬಲ್ಲೆವೆಂದು ತೋರಿಸುವ ಮುಂಚೆ ಅದರ ಹೆಸರಿನಲ್ಲಿ ಸುರಂಗದ ಗಾತ್ರವನ್ನು ನಿಗದಿ ಮಾಡುವುದು ಸರಿಯೇ?

ಕಬ್ಬಿಣದ ಕಡಲೆ:

ಲೆಕ್ಕಿಗ ಅವರೇ, 1980ರ ದಶಕದಲ್ಲಿ ಎಲ್‌ಇಪಿಗೆ 27 ಕಿಲೋಮೀಟರ್ ಸುರಂಗ ಕೊರೆಯುವಾಗ ಎಲ್‌ಎಚ್‌ಸಿಯ 8.3 ಟೆಸ್ಲಾ ಅಯಸ್ಕಾಂತವೂ ಯಾರ ಕೈಯಲ್ಲೂ ಇರಲಿಲ್ಲ. ಮುಂದೆ ಪ್ರೋಟಾನ್ ಯಂತ್ರ ಬರಬಹುದು ಎಂಬ ಯೋಚನೆ ಆಗಲೇ ಇತ್ತು, ಎಲ್‌ಎಚ್‌ಸಿ ಅದೇ ಸುರಂಗಕ್ಕೆ ಇಳಿಯಿತು. ಹಾಗೆಂದು ಈ ಸಲವೂ ಹಾಗೆಯೇ ಆಗುತ್ತದೆ ಎಂದು ನಾನು ಬರೆದುಕೊಡುವುದಿಲ್ಲ. 8ರಿಂದ 14 ಟೆಸ್ಲಾಕ್ಕೆ ಏರುವಾಗ ಸುರುಳಿಗಳ ಮೇಲೆ ಬೀಳುವ ಒತ್ತಡ ಸುಮಾರು ಮೂರು ಪಟ್ಟಾಗುತ್ತದೆ, ಆ ಪೆಡಸು ತಂತಿ ಅದನ್ನು ತಡೆದುಕೊಳ್ಳುವಂತೆ ಮಾಡುವುದೇ ಈಗ ನಮ್ಮಂಥವರ ದಿನನಿತ್ಯದ ಕೆಲಸ.